ಸಿರುಗುಪ್ಪದ ಬಚ್ಚಲಿಗೆ ಹಾಕಿದ ಹಸಿರು ಬೋರ್ಡು

ಎರ್ರಣ್ಣನ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಅವನನ್ನು ನನಗಿಂತ ಚೆನ್ನಾಗಿ ಬಲ್ಲವರು ಕುರುಗೋಡಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ನಾನು ಅವನಿಗೆ ಮಾಡಿದ್ದನ್ನು ಅವರಲ್ಲಿ ಯಾರೂ ಮಾಡಿಲ್ಲ. ಹಾಗಾಗಿ ಬರೆಯುವ ಹೊಣೆ ನನ್ನ ಮೇಲೇ ಬಂದಿದೆ.

ನನ್ನ ಹೆಸರು ಶಶಿಕಾಂತ್. ಬಳ್ಳಾರಿಯ ಬೆಂಗಳೂರು ರಸ್ತೆಯ ಹಿಂದಿನ ಓಣಿಯಲ್ಲಿ ಪ್ಲೈವುಡ್ಡು ಮತ್ತು ಗೋಡೆಗೆ ಹಾಕುವ ಬೋರ್ಡುಗಳ ಅಂಗಡಿ ಇಟ್ಟು ಇಪ್ಪತ್ತೆರಡು ವರ್ಷವಾಯಿತು. ಎರ್ರಣ್ಣ ನನ್ನ ನೌಕರನಲ್ಲ. ಗಿರಾಕಿ ನನ್ನಲ್ಲಿ ಬೋರ್ಡು ಕೊಂಡರೆ, ಅವರ ಮನೆಗೆ ಹೋಗಿ ಅದನ್ನು ಗೋಡೆಗೆ ಕೂಡಿಸಿ ಬರುವ ಮೇಸ್ತ್ರಿ. ಕುರುಗೋಡಿನವನು. ಬೆಳಗಿನ ಬಸ್ಸಿಗೆ ಬಳ್ಳಾರಿಗೆ ಬಂದು ನನ್ನ ಅಂಗಡಿಯ ಕಟ್ಟೆಯ ಮೇಲೆ ಕೂತರೆ, ಅವತ್ತು ಯಾರ ಮನೆ ಕೆಲಸ ಎಂದು ನಾನು ಹೇಳುತ್ತಿದ್ದೆ. ಹನ್ನೊಂದು ವರ್ಷ ಹೀಗೇ ನಡೆಯಿತು.

ಆಳು ಸಣಕಲು, ಎತ್ತರ. ಕಿವಿಯಲ್ಲಿ ಸದಾ ಒಂದು ಪೆನ್ಸಿಲ್ಲು. ಮೊದಲು ಅವನು ಗಾರೆ ಕೆಲಸ ಮಾಡುತ್ತಿದ್ದ. ಸಿಮೆಂಟು ಅವನ ಬೆರಳ ತುದಿಗಳನ್ನು ಎಷ್ಟು ತಿಂದುಹಾಕಿದೆಯೆಂದರೆ ರೇಷನ್ ಅಂಗಡಿಯ ಯಂತ್ರ ಅವನ ಹೆಬ್ಬೆಟ್ಟನ್ನು ಗುರುತಿಸುವುದೇ ಇಲ್ಲ. ಪ್ರತಿ ತಿಂಗಳೂ ಅವನ ಹೆಂಡತಿ ರೇಣುಕಾ ಹೋಗಿ ಬೆರಳೊತ್ತಬೇಕು. ಕೈ ಒಡೆದು ರಕ್ತ ಬರತೊಡಗಿದ ಮೇಲೆ ಗಾರೆ ಬಿಟ್ಟು, ಹೈದರಾಬಾದಿನಲ್ಲಿ ಎರಡು ವರ್ಷ ಇದ್ದು ಬೋರ್ಡಿನ ಕೆಲಸ ಕಲಿತು ಬಂದ. ಅಲ್ಲಿಂದ ಬರುವಾಗ ಒಂದು ಅಭ್ಯಾಸವನ್ನೂ ತಂದ. ಬೋರ್ಡನ್ನು ಬೆರಳ ಗಂಟಿನಿಂದ ತಟ್ಟಿ ಕಿವಿಗೊಡುವುದು, ಸದ್ದು ಸರಿಯಿಲ್ಲದಿದ್ದರೆ ‘ಕಾದು, ಕಾದು’ ಎಂದು ತೆಲುಗಿನಲ್ಲಿ ಗೊಣಗಿ ಪಕ್ಕಕ್ಕಿಡುವುದು. ಅವನು ಅಲ್ಲ ಎಂದ ಬೋರ್ಡನ್ನು ನಾನು ಎಷ್ಟೇ ಹೊಗಳಿದರೂ ಗಿರಾಕಿ ಮುಟ್ಟುತ್ತಿರಲಿಲ್ಲ. ನನಗೆ ಮೈ ಉರಿಯುತ್ತಿತ್ತು.

ಇನ್ನೊಂದು ಅಭ್ಯಾಸ ಇದಕ್ಕಿಂತ ಕಷ್ಟದ್ದು. ಬಚ್ಚಲಮನೆಯ ಕೆಲಸವಾದರೆ, ಅಂಗೈ ಅಗಲದ ಮೂರು ತುಂಡುಗಳನ್ನು ಆ ಮನೆಯದೇ ಬಕೆಟ್ಟಿನ ನೀರಿನಲ್ಲಿ ಹಾಕಿ ರಾತ್ರಿಯಿಡೀ ಬಿಡುತ್ತಿದ್ದ. ಒಂದು ಬಿಳಿ, ಒಂದು ಹಸಿರು, ಒಂದು ಬೂದಿ ಬಣ್ಣದ್ದು. ಬೆಳಿಗ್ಗೆ ಹೋಗಿ ಆ ಮನೆಯ ಹೆಣ್ಣುಮಗಳನ್ನು ಕರೆದು, "ನನ್ನ ಹೆಬ್ಬಟ್ಟು ಸತ್ತೈತ್ರಿ ಯವ್ವಾ, ನಿಮ್ಮ ಹೆಬ್ಬಟ್ಟಿಲೆ ಒತ್ತಿ ನೋಡ್ರಿ" ಅನ್ನುತ್ತಿದ್ದ. ಬಿಳಿಯದು ಬರೀ ಜಿಪ್ಸಮ್ಮು, ಚಹಾದಲ್ಲಿ ಅದ್ದಿದ ಬಿಸ್ಕತ್ತಿನಂತೆ ಕರಗಿರುತ್ತಿತ್ತು. ಹಸಿರಿನದರ ಒಳಗೂ ಜಿಪ್ಸಮ್ಮೇ, ಆದರೆ ತೇವ ತಡೆಯಲೆಂದು ಏನೋ ಬೆರೆಸಿರುತ್ತಾರೆ, ಮೇಲೆ ಹಸಿರು ಕಾಗದ ಹೊದಿಸಿರುತ್ತಾರೆ. ಅದು ಅಂಚಿನಲ್ಲಿ ಉಬ್ಬಿ, ಒತ್ತಿದರೆ ಸ್ವಲ್ಪ ತಗ್ಗುತ್ತಿತ್ತು. ಬೂದಿ ಬಣ್ಣದ್ದು ಸಿಮೆಂಟ್ ಬೋರ್ಡು, ಎರಡು ದಿನ ನೆನೆದರೂ ಅಲ್ಲಾಡುವುದಿಲ್ಲ. ಅಲ್ಲಿಗೆ ಆಯ್ಕೆ ಮುಗಿಯುತ್ತಿತ್ತು. ಇವತ್ತೇ ಕೊಳ್ಳಲು ಬಂದ ಗಿರಾಕಿ ನಾಳೆಗೆ ಹೋಗುತ್ತಾನೆ ಎಂದು ನಾನು ಎಷ್ಟೋ ಸಲ ಬೈದಿದ್ದೇನೆ. ಅವನು ನಗುತ್ತಿದ್ದ, ಮರುದಿನ ಮತ್ತೆ ಬಕೆಟ್ಟು ಕೇಳುತ್ತಿದ್ದ.

ಹಸಿರು ಬೋರ್ಡು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಅದಕ್ಕೂ ಅದರ ಜಾಗವಿದೆ. ಕೈ ತೊಳೆಯುವ ಬೇಸಿನ್ನಿನ ಹಿಂದೆ, ಅಡುಗೆಮನೆಯಲ್ಲಿ, ಬಚ್ಚಲಿನ ಚಾವಣಿಗೆ ಅದು ಸಾಕು. ಹಬೆ ತಡೆಯುತ್ತದೆ, ನಾಲ್ಕು ಹನಿ ಸಿಡಿದರೆ ತಡೆಯುತ್ತದೆ. ದಿನವೂ ನೀರು ಬಡಿಯುವ ಗೋಡೆಗೆ ಅದಲ್ಲ. ಇದು ನನಗೆ ಗೊತ್ತಿತ್ತು. ಎಷ್ಟು ಚೆನ್ನಾಗಿ ಗೊತ್ತಿತ್ತೆಂದರೆ, ಈ ಸಿರುಗುಪ್ಪದ ಕೆಲಸಕ್ಕೆ ಒಂದು ವರ್ಷ ಮೊದಲು ನನ್ನ ಮನೆಯ ಬಚ್ಚಲು ರಿಪೇರಿ ಮಾಡಿಸಿದಾಗ ನಾಲ್ಕೂ ಗೋಡೆಗೆ ಬೂದಿ ಬೋರ್ಡೇ ಹಾಕಿಸಿಕೊಂಡೆ.

ಸಿರುಗುಪ್ಪದ ದೊಡ್ಡಬಸಪ್ಪನವರು ಅಕ್ಕಿ ವ್ಯಾಪಾರಸ್ಥರು, ಊರಲ್ಲಿ ನಾಲ್ಕು ಜನ ಎದ್ದು ನಿಲ್ಲುವಂಥ ಮನುಷ್ಯ. ಅವರ ಮಗಳು ಶಾಂಭವಿ ಚೊಚ್ಚಲ ಬಾಣಂತನಕ್ಕೆ ತವರಿಗೆ ಬರುವವಳಿದ್ದಳು. ಅವರ ಹಳೆಯ ಮನೆಯ ಬಚ್ಚಲಿನ ಕಲ್ಲುಗೋಡೆ ಮೂರು ಕಾಲವೂ ಒದ್ದೆ, ಹಚ್ಚಿದ ಟೈಲ್ಸು ವರ್ಷಕ್ಕೊಮ್ಮೆ ಕಳಚಿಕೊಳ್ಳುತ್ತಿತ್ತು. ಗೋಡೆಯಿಂದ ಎರಡು ಬೆರಳು ಈಚೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ, ಅದಕ್ಕೆ ಬೋರ್ಡು ಹೊಡೆದು, ಮೇಲೆ ಟೈಲ್ಸು ಕೂಡಿಸೋಣ ಎಂದು ನಾನೇ ಸೂಚಿಸಿದೆ. ಅಳತೆಗೆ ನಾನೂ ಎರ್ರಣ್ಣನೂ ಹೋದೆವು.

ದೊಡ್ಡಬಸಪ್ಪನವರ ಹೆಂಡತಿ ಕೊಟ್ರಬಸಮ್ಮ ಬಚ್ಚಲು ತೋರಿಸಿದರು. ಮೂಲೆಯಲ್ಲಿ ಒಲೆಯ ಮೇಲೆ ತಾಮ್ರದ ಹಂಡೆ. "ಗೀಸರ್ ಐತ್ರಿ, ಆದ್ರ ಬಾಣಂತಿಗೆ ಹಂಡೇವು ನೀರೇ ಆಗಬೇಕು" ಅಂದರು. ಅವರ ಹಿಂದೆಯೇ ಒಬ್ಬ ಮುದುಕಿ ಬಂದು ನೆಲ, ಗೋಡೆ ಎಲ್ಲ ಮುಟ್ಟಿ ನೋಡಿದಳು. ಹುಲುಗಮ್ಮ. ಆ ಊರಲ್ಲಿ ಹುಟ್ಟಿದ ಅರ್ಧ ಮಕ್ಕಳನ್ನು ತನ್ನ ಕಾಲ ಮೇಲೆ ಹಾಕಿಕೊಂಡು ಎರೆದವಳು. ಬಾಣಂತಿಯರಿಗೂ ಕೂಸುಗಳಿಗೂ ನೀರು ಹಾಕುವುದೇ ಅವಳ ಬದುಕು.

"ನಾ ಇಲ್ಲಿ ಕುಂದರ್ತೀನಿ," ಎಂದು ಗೋಡೆಯ ಬದಿ ತೋರಿಸಿದಳು. "ಕೂಸಿಗೆ ಎರದು ಏಳಬೇಕಾದ್ರ ಈ ಗ್ವಾಡಿ ಹಿಡ್ಕೊಂಡೇ ಏಳಬೇಕು. ಮೊಣಕಾಲು ಮಾತು ಕೇಳಂಗಿಲ್ಲ. ಗಟ್ಟಿ ಇರ್ಲೆಪ್ಪಾ ತಮ್ಮಾ."

"ಆತ್ ಬಿಡವ್ವಾ, ಗಟ್ಟಿ ಮಾಡ್ತೀನಿ" ಅಂದ ಎರ್ರಣ್ಣ. ಆ ಮಾತು ನನ್ನ ಕಿವಿಗೂ ಬಿತ್ತು.

ಬಸುರಿ ಹೆಣ್ಣುಮಗಳು ಮನೆಗೆ ಬಂದ ಮೇಲೆ ಗೋಡೆಗೆ ಮೊಳೆ ಹೊಡೆಯಬಾರದು, ಏನನ್ನೂ ಕೆಡವಬಾರದು. ನಮ್ಮ ಕಡೆ ಇದನ್ನು ಮೀರುವವರಿಲ್ಲ. ಶಾಂಭವಿ ಬರುವುದು ಮುಂದಿನ ಶುಕ್ರವಾರ. ಅಷ್ಟರೊಳಗೆ ಕೆಲಸ ಮುಗಿಯಬೇಕು, ಇಲ್ಲದಿದ್ದರೆ ಇನ್ನು ಐದಾರು ತಿಂಗಳು ಕೈ ಹಚ್ಚುವಂತಿಲ್ಲ. ನನ್ನಲ್ಲಿ ಸಿಮೆಂಟ್ ಬೋರ್ಡು ಮುಗಿದಿತ್ತು, ಲಾರಿ ಬರಲು ಹತ್ತು ದಿನ. ಊರಿನ ಬೇರೆ ಅಂಗಡಿಯಲ್ಲಿ ಸಿಗುತ್ತಿತ್ತು, ಆದರೆ ಗಿರಾಕಿಯನ್ನು ನಾನಾಗಿಯೇ ಎದುರಿನವನ ಅಂಗಡಿಗೆ ಕಳಿಸುವಷ್ಟು ಒಳ್ಳೆಯವನು ನಾನಲ್ಲ. ನನ್ನ ಗೋದಾಮಿನಲ್ಲಿ ಇಪ್ಪತ್ತು ಹಸಿರು ಬೋರ್ಡು ಆರು ತಿಂಗಳಿಂದ ದೂಳು ತಿನ್ನುತ್ತಾ ನಿಂತಿದ್ದವು.

ಮರುದಿನ ದೊಡ್ಡಬಸಪ್ಪನವರು ಅಂಗಡಿಗೆ ಬಂದು ಹಸಿರು ಬೋರ್ಡಿನ ಮೇಲೆ ಕೈಯಾಡಿಸಿದರು. "ಇದು ನೀರು ತಡೀತೈತೇನ್ರಿ ಶಶಿಕಾಂತಪ್ಪನವರ?"

"ಬಚ್ಚಲಕ್ಕಂತನೇ ಮಾಡಿದ್ದು ರೀ ಇದು" ಅಂದೆ.

ಸುಳ್ಳಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆ ಕಂಪನಿಯ ಕಾಗದದಲ್ಲೂ ಬಚ್ಚಲಿನ ಚಿತ್ರವಿತ್ತು. ಆ ಚಿತ್ರದಲ್ಲಿ ಹಂಡೆ ಇರಲಿಲ್ಲ, ಬಾಣಂತಿಯೂ ಇರಲಿಲ್ಲ. ಎರ್ರಣ್ಣ ಆಗಲೇ ಕಟ್ಟೆಯಿಂದ ಎದ್ದು, ನೆನೆಹಾಕುವ ತುಂಡು ಕತ್ತರಿಸಲು ಗರಗಸ ತೆಗೆದುಕೊಂಡಿದ್ದ. ದೊಡ್ಡಬಸಪ್ಪನವರು ಕಾರು ಹತ್ತುವವರೆಗೆ ಅವನನ್ನು ಕಣ್ಣಲ್ಲೇ ತಡೆದೆ, ಆಮೇಲೆ ರೇಗಿದೆ.

"ಲೇ ಎರ್ರಣ್ಣ, ನಿನ್ನ ಬಕೆಟ್ಟಿನ ಆಟ ಈ ಸಲ ಬ್ಯಾಡ. ದಿನ ಇಲ್ಲ."

"ಸಾವ್ಕಾರ್ರ, ಬಾಣಂತಿ ನೀರು ಬ್ಯಾರೆ ರೀ," ಅಂದ. ತಗ್ಗಿದ ದನಿಯಲ್ಲೇ ಅಂದ. "ನಾವು ನೀವು ಮಾಡೋ ಜಳಕ ಅಲ್ಲದು. ಕುದಿಯೋ ನೀರು ತಂಬಿಗಿ ಮ್ಯಾಲ ತಂಬಿಗಿ ಬೀಸಿ ಹೊಡೀತಾರ. ಬಾಗ್ಲ ಹಾಕಿ, ಗಾಳಿ ಆಡಂಗಿಲ್ಲದಂಗ, ತಾಸುಗಟ್ಲೆ. ದಿನಾ, ಮೂರು ತಿಂಗಳು. ಹಸಿರದು ತಡ್ಯಂಗಿಲ್ಲ. ಬುಡಕ ಹಸಿ ಏರ್ತೈತಿ."

"ಮ್ಯಾಲ ಲೇಪ ಹಚ್ಚತೀ, ಟೈಲ್ಸ್ ಹಾಕ್ತೀ. ನೀರು ಎಲ್ಲಿಂದ ಹೋಗ್ತೈತಿ?"

"ಹೋಗ್ತೈತ್ರಿ. ನೀರಿಗೆ ದಾರಿ ನಾವು ತೋರಸಬೇಕಾಗಿಲ್ಲ. ಎದುರು ಅಂಗಡ್ಯಾಗ ಬೂದಿ ಬೋರ್ಡು ಅದಾವು. ಅಲ್ಲಿಂದ ತರೋಣೇನ್ರಿ?"

ಆ ಮಾತಿಗೆ ನನ್ನ ಪಿತ್ತ ನೆತ್ತಿಗೇರಿತು. "ವ್ಯಾಪಾರ ನೀ ಮಾಡ್ತೀಯೋ ನಾ ಮಾಡ್ತೀನೋ? ಹೇಳಿದಷ್ಟು ಹೊಡಿ. ಏನಾದ್ರೂ ಆದ್ರ ನಾ ಅದೀನಿ."

ಅವನು ಗರಗಸ ಕೆಳಗಿಟ್ಟ. "ನೀವು ಅದೀರಿ ಅಂದ್ರ ಆತ್ರಿ" ಎಂದು ಬೋರ್ಡುಗಳನ್ನು ಗಾಡಿಗೆ ಹೇರಿದ. ಗುರುವಾರ ಸಂಜೆಗೆ ಕೆಲಸ ಮುಗಿಸಿ ಬಂದ. ನಾನೇ ಹೋಗಿ ನೋಡಿದೆ. ಅಷ್ಟು ಅಚ್ಚುಕಟ್ಟಾದ ಕೆಲಸ ನಾನು ಕಂಡಿರಲಿಲ್ಲ. ಬೋರ್ಡಿನ ಕೆಳಗಿನ ಅಂಚಿಗೆ ಎರಡು ಸಲದ ಬದಲು ನಾಲ್ಕು ಸಲ ಲೇಪ ಹಚ್ಚಿದ್ದೇನೆಂದು ಅವನೇ ಹೇಳಿದ್ದ.

ಶಾಂಭವಿಗೆ ಗಂಡುಮಗು ಹುಟ್ಟಿತು. ಪೇಢೆಯ ಡಬ್ಬಿ ನನ್ನ ಅಂಗಡಿಗೂ ಬಂತು. ತಿಂದು ಬಾಯಿ ಒರೆಸಿಕೊಂಡೆ, ಗೋಡೆಯ ನೆನಪೇ ಇರಲಿಲ್ಲ.

ಮಗುವಿಗೆ ಇಪ್ಪತ್ತಾರು ದಿನವಾದಾಗ ಫೋನ್ ಬಂತು. ಹುಲುಗಮ್ಮ ಅವತ್ತು ಕಾಲು ಚಾಚಿ ಕೂತು ಕೂಸಿಗೆ ಎರೆದು, ಬಟ್ಟೆಯಲ್ಲಿ ಸುತ್ತಿ ಕೊಟ್ರಬಸಮ್ಮನ ಕೈಗೆ ಕೊಟ್ಟು, ಏಳಲೆಂದು ಗೋಡೆಗೆ ಕೈ ಊರಿದ್ದಾಳೆ. ಗೋಡೆ ಒಳಕ್ಕೆ ಕುಸಿಯಿತು. ಎರಡು ಸಾಲು ಟೈಲ್ಸು ಬೋರ್ಡಿನ ಸಮೇತ ಅವಳ ಮೇಲೆ ಬಿದ್ದಿತು. ಬಲಗೈ ಮಣಿಕಟ್ಟು ಮುರಿಯಿತು. ಕೂಸು ಅವಳ ಕಾಲ ಮೇಲಿಂದ ಹೋಗಿ ಒಂದು ನಿಮಿಷವೂ ಆಗಿರಲಿಲ್ಲ.

ಆ ಒಂದು ನಿಮಿಷವನ್ನು ನಾನು ಈಗಲೂ ಲೆಕ್ಕ ಹಾಕುತ್ತಿರುತ್ತೇನೆ.

ನಾನು ಸಿರುಗುಪ್ಪ ಮುಟ್ಟುವಷ್ಟರಲ್ಲಿ ಎರ್ರಣ್ಣನನ್ನೂ ಕರೆಸಿದ್ದರು. ಅಂಗಳದಲ್ಲಿ ಓಣಿಯ ಹದಿನೈದಿಪ್ಪತ್ತು ಜನ ಸೇರಿದ್ದರು. ಹುಲುಗಮ್ಮ ಆಸ್ಪತ್ರೆಗೆ ಹೋಗಿ ಪಟ್ಟಿ ಹಾಕಿಸಿಕೊಂಡು ಬಂದು ಕಟ್ಟೆಯ ಮೇಲೆ ಕೂತಿದ್ದಳು. ನಾನು ಬಚ್ಚಲಿಗೆ ಹೋಗಿ ಬಿದ್ದ ತುಂಡೊಂದನ್ನು ಎತ್ತಿದೆ. ಬುಡದ ಕಡೆ ಹಸಿರು ಕಾಗದ ಕೈಗೆ ಅಂಟಿಕೊಂಡು ಬಂತು, ಒಳಗಿನದು ಬೆರಳಿಗೆ ಹಿಟ್ಟಿನಂತೆ ಸಿಕ್ಕಿತು. ನೋಡುವುದೇನೂ ಉಳಿದಿರಲಿಲ್ಲ. ಎರ್ರಣ್ಣ ಹೇಳಿದ್ದೇ ಆಗಿತ್ತು.

ಹೊರಗೆ ಬಂದೆ. ದೊಡ್ಡಬಸಪ್ಪನವರು ನನ್ನ ಮುಂದೆ ನಿಂತು ಕೇಳಿದರು. "ಒಂದೇ ಮಾತು ಹೇಳ್ರಿ. ತಪ್ಪು ಮಾಲಿಂದೋ, ಕೆಲಸದ್ದೋ?"

ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಅವರಲ್ಲಿ ನನ್ನ ಗಿರಾಕಿಗಳೇ ನಾಲ್ಕೈದು ಜನ. ಮಾಲಿನದು ಅಂದರೆ ಸಿರುಗುಪ್ಪದಲ್ಲಿ ನನ್ನ ಅಂಗಡಿಯ ಹೆಸರು ಅವತ್ತಿಗೇ ಮುಗಿಯುತ್ತಿತ್ತು. ಇಷ್ಟೆಲ್ಲ ಲೆಕ್ಕ ಹಾಕಲು ನನಗೆ ಹೊತ್ತೇ ಹಿಡಿಯಲಿಲ್ಲ.

"ಮಾಲು ಚಲೋದೈತ್ರಿ," ಅಂದೆ. "ಕೂಡಿಸಿದ್ದು ಸರಿಯಾಗಿಲ್ಲ."

ಎರ್ರಣ್ಣ ನನ್ನತ್ತ ನೋಡಿದ. ಏನಾದರೂ ಆದರೆ ನಾನಿದ್ದೇನೆ ಅಂದಿದ್ದೆನಲ್ಲ, ಆ ಮಾತು ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಾಯುತ್ತಿರುವವನಂತೆ ನೋಡಿದ. ನಾನು ಅವನ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ, "ಎಷ್ಟು ಸಲ ಹೇಳೀನಿ ನಿನಗ, ಅವಸರ ಮಾಡಬ್ಯಾಡ ಅಂತ" ಅಂದೆ. ಅವಸರ ಮಾಡಿದವನು ನಾನು. ಅವನು ತಲೆ ತಗ್ಗಿಸಿದ.

ಅಲ್ಲಿಗೆ ಮುಗಿದಿದ್ದರೆ ಬೇರೆ ಮಾತು. ಹುಲುಗಮ್ಮ ಕಟ್ಟೆಯಿಂದ ಇಳಿದು ಬಂದಳು. ಎಡಗೈಯಿಂದ ಅಂಗಳದ ಒಂದು ಹಿಡಿ ಮಣ್ಣು ತೆಗೆದು ಅವನ ಮುಂದೆ ತೂರಿದಳು.

"ಗಟ್ಟಿ ಮಾಡ್ತೀನಿ ಅಂದಿದ್ದೆಲ್ಲೋ ನನ್ನ ಮುಂದ! ನನ್ನ ಕೈ ಮುರದಂಗ ನಿನ್ನ ಕೈಗೂ ಕೆಲಸ ಇಲ್ಲದಂಗಾಗ್ಲಿ!"

ಮಣ್ಣು ತೂರಿ ಹಾಕಿದ ಶಾಪವೆಂದರೆ ನಮ್ಮ ಕಡೆ ಗಂಡಸರೂ ನಡುಗುತ್ತಾರೆ. ಅದೂ ಹೆತ್ತವರ, ಹುಟ್ಟಿದವರ ಮೈ ಮುಟ್ಟಿದ ಮುದುಕಿಯ ಕೈಯಿಂದ. ಎರ್ರಣ್ಣನ ಪಾದದ ಮೇಲೆ ಬಿದ್ದ ಮಣ್ಣನ್ನು ಅವನು ಕೊಡವಲೂ ಇಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು ಗೇಟು ದಾಟಿ ಹೋದ. ನಾನು ಒಳಗೆ ಹೋಗಿ, ಕೊಟ್ರಬಸಮ್ಮ ಕೊಟ್ಟ ಚಹಾ ಕುಡಿದೆ. ಹೌದು, ಕುಡಿದೆ.

ಅವತ್ತಿನಿಂದ ಅವನು ನನ್ನ ಕಟ್ಟೆಗೆ ಬರಲಿಲ್ಲ. ಫೋನ್ ಮಾಡಿದರೆ ರೇಣುಕಾ ಎತ್ತಿ, "ಅವ್ರು ಹೊರಗ ಹೋಗ್ಯಾರಿ" ಅನ್ನುತ್ತಿದ್ದಳು. ಸಿರುಗುಪ್ಪದಲ್ಲಿ ಅವನ ಕೈಯಲ್ಲಿದ್ದ ಎರಡು ಮನೆಯ ಕೆಲಸ ಬೇರೆಯವರ ಪಾಲಾಯಿತು. ಅಕ್ಕಿ ವ್ಯಾಪಾರದ ಜನ ಬಳ್ಳಾರಿಗೂ ಬರುತ್ತಾರೆ, ಹೋಗುತ್ತಾರೆ, ಮಾತೂ ಅವರ ಜೊತೆ ಬರುತ್ತದೆ. ‘ಗ್ವಾಡಿ ಕೆಡವಿದ ಎರ್ರಣ್ಣ’ ಎಂದು ನನ್ನ ಅಂಗಡಿಯಲ್ಲೇ ನಿಂತು ಒಬ್ಬ ಹೇಳಿದ. ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ, ಟೇಪು ಹಿಡಿದು ಅಳತೆ ಮಾಡುತ್ತಲೇ ಇದ್ದೆ.

ಆ ದಿನಗಳಲ್ಲಿ ನನಗೊಂದು ರೋಗ ಹಿಡಿಯಿತು. ಬೆಳಿಗ್ಗೆ ಸ್ನಾನಕ್ಕೆ ಹೋದರೆ ನಮ್ಮ ಬಚ್ಚಲಿನ ಗೋಡೆಯನ್ನು ಬೆರಳ ಗಂಟಿನಿಂದ ತಟ್ಟುವುದು. ಟಣ್ ಅನ್ನುತ್ತಿತ್ತು. ನಮ್ಮ ಮನೆಯ ಗೋಡೆಗೆ ಎರ್ರಣ್ಣ ತನ್ನ ಕೈಯಾರೆ ಹೊಡೆದ ಬೂದಿ ಬೋರ್ಡು, ಇನ್ನು ಇಪ್ಪತ್ತು ವರ್ಷ ಏನೂ ಆಗುವುದಿಲ್ಲ. ತಟ್ಟುತ್ತಾ ತಟ್ಟುತ್ತಾ ನೀರು ಆರಿ ಹೋಗುತ್ತಿತ್ತು. ನನ್ನ ಹೆಂಡತಿ ಶೀಲಾ ಬಾಗಿಲ ಹೊರಗಿನಿಂದ ಕೇಳುತ್ತಿದ್ದಳು. ಒಂದು ದಿನ ತಡೆಯಲಾರದೆ ಅವಳ ಮುಂದೆ ಎಲ್ಲ ಹೇಳಿಬಿಟ್ಟೆ.

ಅವಳು ಬೈಯುತ್ತಾಳೆ, ಆಮೇಲೆ ಸಮಾಧಾನ ಮಾಡುತ್ತಾಳೆ ಎಂದುಕೊಂಡಿದ್ದೆ. ಎರಡನ್ನೂ ಮಾಡಲಿಲ್ಲ. "ಮಂದಿ ಮುಂದ ಅಂದೀರಿ, ಮಂದಿ ಮುಂದೇ ಹೇಳಿ ಬರ್ರಿ" ಎಂದಷ್ಟೇ ಹೇಳಿ ಒಳಗೆ ಹೋದಳು.

ಕೂಸಿಗೆ ಮೂರು ತಿಂಗಳಾದಾಗ ತೊಟ್ಟಿಲಲ್ಲಿ ಹಾಕುವ ಕಾರ್ಯಕ್ಕೆ ದೊಡ್ಡಬಸಪ್ಪನವರು ನಮ್ಮನ್ನು ಕರೆದರು. ಅಷ್ಟರೊಳಗೆ ನಾನು ಬೇರೆ ಮೇಸ್ತ್ರಿಯ ಕೈಲಿ ಅವರ ಬಚ್ಚಲಿಗೆ ಸಿಮೆಂಟ್ ಬೋರ್ಡು ಹಾಕಿಸಿ ಕೊಟ್ಟಿದ್ದೆ. ಎರ್ರಣ್ಣನ ತಪ್ಪನ್ನು ನಾನು ಸರಿಮಾಡಿದೆನೆಂದು ಮನೆಯವರೆಲ್ಲ ತಿಳಿದುಕೊಂಡಿದ್ದರು. ಶೀಲಾ ನನ್ನ ಜೊತೆ ಬರಲಿಲ್ಲ. "ನೀವೊಬ್ರೇ ಹೋಗ್ರಿ, ಕೆಲಸ ಐತಲ್ಲ ನಿಮಗ ಅಲ್ಲಿ" ಅಂದಳು.

ಹಾಲ್‌ನಲ್ಲಿ ತೊಟ್ಟಿಲಿಗೆ ಹೂ ಸುತ್ತಿದ್ದರು. ಹೆಂಗಸರು ಕೂಸಿನ ಕಿವಿಯಲ್ಲಿ ಹೆಸರು ಹೇಳಿ, ಎಲ್ಲರ ಕೈಗೆ ಬೇಯಿಸಿದ ಕಡಲೆ ಹಂಚುತ್ತಿದ್ದರು. ತೊಟ್ಟಿಲ ಪಕ್ಕ ಹುಲುಗಮ್ಮ ಹೊಸ ಸೀರೆಯುಟ್ಟು ಕೂತಿದ್ದಳು. ಮಣಿಕಟ್ಟು ಸ್ವಲ್ಪ ಸೊಟ್ಟಗೇ ಕೂಡಿಕೊಂಡಿತ್ತು. ಅಂಗಳದಲ್ಲಿ ಅವತ್ತು ನೆರೆದಿದ್ದವರೆಲ್ಲ ಅಲ್ಲಿದ್ದರು. ಊಟಕ್ಕೆ ಎಲೆ ಹಾಕಿದರೆ ಜನ ಚದುರುತ್ತಾರೆ, ನಾನು ಮತ್ತೆ ತಪ್ಪಿಸಿಕೊಳ್ಳುತ್ತೇನೆ ಎಂದು ನನಗೇ ಗೊತ್ತಿತ್ತು. ಎದ್ದು ನಿಂತೆ.

"ಒಂದು ಮಾತು ಹೇಳೋದೈತ್ರಿ," ಅಂದೆ. "ಬಚ್ಚಲ ಗ್ವಾಡಿ ಬಿದ್ದದ್ದು ಎರ್ರಣ್ಣನಿಂದ ಅಲ್ಲ. ಅಂವ ಈ ಬೋರ್ಡು ಬಾಣಂತಿ ನೀರು ತಡ್ಯಂಗಿಲ್ಲ ಅಂತ ಅವತ್ತೇ ಹೇಳಿದ್ದ. ನಾನೇ ಅವನ ಬಾಯಿ ಮುಚ್ಚಿಸಿ ಹಸಿರದು ಕಳಿಸಿದೆ. ಗೊತ್ತಿದ್ದೇ ಕಳಿಸಿದೆ. ತಪ್ಪು ನಂದು."

ನನ್ನ ಎದೆ ಹಗುರಾಯಿತು ಎಂದುಕೊಳ್ಳುವಷ್ಟರಲ್ಲಿ ದೊಡ್ಡಬಸಪ್ಪನವರು ನಕ್ಕು ನನ್ನ ಹೆಗಲ ಮೇಲೆ ಕೈ ಹಾಕಿದರು.

"ನೋಡ್ರಿ, ಇದಕ್ಕ ಅಂತಾರ ದೊಡ್ಡ ಮನಸು! ಕೆಲಸದವನ ತಪ್ಪು ತಮ್ಮ ಮ್ಯಾಲ ಹಾಕ್ಕೊಳ್ಳಾಕ ಹತ್ಯಾರ. ಈಗಿನ ಕಾಲದಾಗ ಯಾರು ಮಾಡ್ತಾರ?"

"ಅಲ್ರೀ, ನಾ ಹೇಳೋದು ಖರೇನೇ..."

"ಇರ್ಲಿ ಬಿಡ್ರಿ, ಅಂವಂಗೂ ಹೊಟ್ಟಿ ಐತಿ, ಅದಕ್ಕ ನೀವು ಹಿಂಗ ಅಂತೀರಿ. ನಮಗ ತಿಳೀತೈತಿ."

ಅತ್ತಿತ್ತ ನಿಂತವರೆಲ್ಲ ತಲೆದೂಗಿದರು. ಒಬ್ಬರು ನನ್ನ ಕೈ ಹಿಡಿದು ಕುಲುಕಿದರು. ಇನ್ನೊಬ್ಬರು ತಮ್ಮ ಮನೆಯ ಬಚ್ಚಲಿಗೂ ನನ್ನಲ್ಲೇ ಬೋರ್ಡು ಕೊಳ್ಳುತ್ತೇನೆ ಅಂದರು. ನಾನು ಸುಳ್ಳು ಹೇಳಿದ ದಿನ ಒಂದೇ ಮಾತಿಗೆ ನಂಬಿದ ಜನ, ನಿಜ ಹೇಳಿದ ದಿನ ಎರಡು ಸಲ ಹೇಳಿದರೂ ನಂಬಲಿಲ್ಲ. ಸಾವ್ಕಾರ ತಪ್ಪು ಮಾಡಿರಲಾರ, ಕೂಲಿಯವನು ಮಾಡದೆ ಇರಲಾರ. ಬಂದದ್ದು ಅವನ ಹೆಸರು ತೊಳೆಯಲು, ತೊಳೆದದ್ದು ನನ್ನದೇ ಹೆಸರನ್ನು.

ನಂಬಿದವಳು ಒಬ್ಬಳೇ. ಹುಲುಗಮ್ಮ ತೊಟ್ಟಿಲ ಹಗ್ಗ ಬಿಟ್ಟು ನನ್ನ ಮುಂದೆ ಬಂದು ನಿಂತಳು. ಅವಳ ಮುಖದಲ್ಲಿ ಹೊಗಳಿಕೆ ಇರಲಿಲ್ಲ.

"ನೀವು ಹೇಳಿದ್ದು ಖರೆ ಏನ್ರಿ ಸಾವ್ಕಾರ?"

"ಖರೆನವ್ವಾ."

"ಹಂಗಾರ ನಾ ಮಣ್ಣು ತೂರಿದ್ದು ಯಾರಿಗಿ?"

"ತಪ್ಪಿಲ್ಲದವಂಗವ್ವಾ" ಅಂದೆ.

"ಆ ಹುಡುಗನ ಊರು ಯಾವ್ದು?"

"ಕುರುಗೋಡು."

"ನಡೀರಿ, ನಿಮ್ಮ ಕಾರಿನ್ಯಾಗ ಕರ್ಕೊಂಡು ಹೋಗ್ರಿ," ಅಂದಳು. ಊಟ ಮಾಡಿ ಹೋಗು ಎಂದು ಕೊಟ್ರಬಸಮ್ಮ ತಡೆದರು. "ಉಂಡರ ಇಳ್ಯಂಗಿಲ್ಲವ್ವಾ" ಎಂದು ಸೆರಗು ಸರಿಮಾಡಿಕೊಂಡು ಹೊರಟೇಬಿಟ್ಟಳು.

ದಾರಿಯುದ್ದಕ್ಕೂ ಭತ್ತದ ಗದ್ದೆ. ಅವಳು ಹಿಂದಿನ ಸೀಟಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಕೂತಿದ್ದಳು. ಒಂದು ಸಲ ಮಾತ್ರ, ಯಾರಿಗೋ ಅನ್ನುವಂತೆ, "ನಾಕು ನೂರು ಕೂಸಿಗೆ ಎರದೀನಿ, ಒಂದಕ್ಕೂ ಕೆಟ್ಟ ಬಾಯಿ ಆಡಿರಲಿಲ್ಲ" ಅಂದಳು. ನಾನು ಕನ್ನಡಿಯಲ್ಲಿ ಅವಳನ್ನು ನೋಡಲು ಹೆದರಿ ರಸ್ತೆಯನ್ನೇ ನೋಡುತ್ತಿದ್ದೆ.

ಎರ್ರಣ್ಣ ಮನೆಯ ಮುಂದೆಯೇ ಸಿಕ್ಕ. ಪಕ್ಕದ ಮನೆಯ ಗೋಡೆಗೆ ಗಿಲಾವು ಮೆತ್ತುತ್ತಿದ್ದ, ಮೊಣಕೈವರೆಗೆ ಸಿಮೆಂಟು. ಬೋರ್ಡಿನ ಕೆಲಸ ನಿಂತ ಮೇಲೆ ಮತ್ತೆ ಗಾರೆಗೆ ಇಳಿದಿದ್ದ. ಬೆರಳುಗಳಿಗೆ ಬಟ್ಟೆಯ ಚಿಂದಿ ಸುತ್ತಿಕೊಂಡಿದ್ದ, ಚಿಂದಿಯ ಮೇಲೆ ಅಲ್ಲಲ್ಲಿ ಕೆಂಪು ಕಲೆ. ನನ್ನ ಕಾರು ನೋಡಿ ಕರಣೆ ಕೆಳಗಿಟ್ಟ. ಹುಲುಗಮ್ಮ ಇಳಿದದ್ದು ನೋಡಿ ಎರಡು ಹೆಜ್ಜೆ ಹಿಂದಕ್ಕೆ ಸರಿದ. ಮತ್ತೆ ಮಣ್ಣು ತೂರಲು ಬಂದಳೆಂದೇ ಅವನು ತಿಳಿದಿರಬೇಕು.

ಅವಳು ಹತ್ತಿರ ಹೋಗಿ ಆ ಸೊಟ್ಟ ಕೈಯಿಂದಲೇ ಅವನ ಕೈ ಹಿಡಿದಳು. ಬೆರಳಿನ ಚಿಂದಿ ನೋಡಿದಳು. ಅವಳ ಕಣ್ಣು ತುಂಬಿದವು.

"ತಮ್ಮಾ, ನಾ ತಪ್ಪು ಮಾಡೀನಿ. ತಪ್ಪು ನಿಂದಲ್ಲ ಅಂತ ಇವತ್ತ ಗೊತ್ತಾತು. ನಾ ಅಂದದ್ದು ನಿನಗ ತಟ್ಟದೆ ಇರ್ಲಿ, ನನಗ ತಟ್ಲಿ. ಹೊಟ್ಯಾಗ ಹಾಕ್ಕೋಪಾ."

"ಅಯ್ಯ, ನೀ ಯಾಕ ಅಳ್ತೀ ಯವ್ವಾ," ಅಂದ ಎರ್ರಣ್ಣ. "ಕೈ ಮುರದದ್ದು ನಿಂದು. ಬೈದ್ರ ಏನು ತಪ್ಪು? ಏ ರೇಣುಕಾ, ಅವ್ವಗ ನೀರು ಕೊಡು, ಚಾಪಿ ಹಾಸು."

ಅವಳನ್ನು ಚಾಪೆಯ ಮೇಲೆ ಕೂರಿಸಿದರು. ನಾನು ಕಾರಿನ ಬಾಗಿಲು ಹಿಡಿದುಕೊಂಡೇ ನಿಂತಿದ್ದೆ. ಯಾರೂ ಕರೆಯಲಿಲ್ಲ. ಕೈ ಮುರಿದುಕೊಂಡವಳು ಕ್ಷಮೆ ಕೇಳಿದಳು, ಕೆಲಸ ಕಳೆದುಕೊಂಡವನು ಅವಳನ್ನು ಸಮಾಧಾನ ಮಾಡುತ್ತಿದ್ದ. ಇಬ್ಬರಿಗೂ ಹಾಗೆ ಮಾಡಿದ ನಾನು ಇಸ್ತ್ರಿ ಅಂಗಿ ತೊಟ್ಟು ನೆರಳಲ್ಲಿ ನಿಂತಿದ್ದೆ.

ಹುಲುಗಮ್ಮ ನೀರು ಕುಡಿದು ಚೊಂಬು ಕೆಳಗಿಟ್ಟು ನನ್ನ ಕಡೆ ತಿರುಗಿದಳು. "ನಂದಾತ್ರಿ ಸಾವ್ಕಾರ. ನಿಮ್ಮದು ಹೇಳ್ರಿ."

ಅಷ್ಟು ಜನರ ಮುಂದೆ ಹೊರಟ ಮಾತು ಈ ಒಬ್ಬನ ಮುಂದೆ ಹೊರಡಲು ಎಷ್ಟು ಹೊತ್ತು ಹಿಡಿಯಿತೋ ನನಗೆ ಗೊತ್ತಿಲ್ಲ. ಅವನ ಮುಖ ನೋಡಿ ಹೇಳಲಾಗಲಿಲ್ಲ, ಅವನ ಬೆರಳು ನೋಡಿ ಹೇಳಿದೆ. "ಎರ್ರಣ್ಣ, ನಾ ಅದೀನಿ ಅಂದಿದ್ದೆ. ಇರಲಿಲ್ಲ. ನನ್ನ ಮಾತು ಉಳಿಸ್ಕೊಳ್ಳಲಿಲ್ಲ. ತಪ್ಪಾತಪ್ಪಾ."

ಅವನು ಬೆರಳಿನ ಚಿಂದಿ ಬಿಗಿ ಮಾಡಿಕೊಳ್ಳುತ್ತ ಹೇಳಿದ. "ಬೋರ್ಡಿನ ಮಾತು ಬಿಡ್ರಿ. ನಿಮಗ ದಿನ ಇದ್ದಿದ್ದಿಲ್ಲ, ತಪ್ಪಿದ್ರಿ. ಅವಸರ ಮಾಡಬ್ಯಾಡ ಅಂತ ಎಷ್ಟು ಸಲ ಹೇಳೀನಿ ಅಂದ್ರಲ್ರೀ ಎಲ್ಲಾರ ಮುಂದ, ಅದು ಹೊಡೀತ್ರಿ. ಅದನ್ನ ಅನ್ನೋ ಅವಶ್ಯ ಇದ್ದಿದ್ದಿಲ್ಲ."

"ನಾಳಿಂದ ಅಂಗಡಿಗೆ ಬಾ," ಅಂದೆ. ನನ್ನ ದನಿ ನನಗೇ ಬೇಡಿಕೆಯಂತೆ ಕೇಳಿಸಿತು.

"ಇಲ್ರಿ ಸಾವ್ಕಾರ್ರ. ಸಿಟ್ಟಿಲ್ಲ. ಆದ್ರ ಇನ್ನು ನಿಮ್ಮ ಮಾತಿನ ಮ್ಯಾಲ ನಾ ಒಂದು ಮೊಳಿ ಸೈತ ಹೊಡ್ಯಾಕಾಗಂಗಿಲ್ಲ."

ಹುಲುಗಮ್ಮ ನನ್ನ ಕಾರಿಗೆ ಬರಲಿಲ್ಲ. ಸಂಜೆಯ ಬಸ್ಸಿಗೆ ತಾನೇ ಹತ್ತಿಸುತ್ತೇನೆಂದು ಎರ್ರಣ್ಣ ಅಂದ. ನಾನು ಹೊರಡುವಾಗ ಅವಳು ಕೂಗಿ ಹೇಳಿದಳು. "ಮಂದಿ ನಿಮ್ಮ ಮಾತು ನಂಬಲಿಲ್ಲ. ನನ್ನ ಮಾತು ನಂಬ್ತಾರ. ಬಾಣಂತಿ ಇದ್ದ ಮನಿಗೆಲ್ಲ ಹೋಗಿ ಹೇಳ್ತೀನಿ. ನಿಮ್ಮ ಹೆಸರೂ ಹೇಳ್ತೀನ್ರಿ, ಸಿಟ್ಟಾಗಬ್ಯಾಡ್ರಿ."

ಹೇಳಿದಳು. ಬಲಗೈಗೆ ಮೊದಲಿನ ಶಕ್ತಿಯಿಲ್ಲ, ಈಗ ಸೊಸೆ ನೀರು ಹಾಕುತ್ತಾಳೆ, ಅವಳು ಪಕ್ಕದಲ್ಲಿ ಕೂತು ಕೂಸು ಹೇಗೆ ಹಿಡಿಯಬೇಕೆಂದು ಹೇಳಿಕೊಡುತ್ತಾಳೆ, ಜೊತೆಗೆ ಈ ಕತೆಯನ್ನೂ ಹೇಳುತ್ತಾಳೆ. ಎರಡು ತಿಂಗಳಲ್ಲಿ ಸಿರುಗುಪ್ಪದ ಗಿರಾಕಿಗಳು ನನ್ನ ಅಂಗಡಿಗೆ ಬರುವುದು ಕಡಿಮೆಯಾಯಿತು. ಎರ್ರಣ್ಣನಿಗೆ ಅಲ್ಲಿಂದ ಮೂರು ಮನೆಯ ಕೆಲಸ ಬಂತು. ಅದು ಸರಿಯಾಗಿಯೇ ಇದೆ, ನನಗೆ ಅದರಲ್ಲಿ ದೂರಿಲ್ಲ.

ಈಗ ಅವನು ಬೋರ್ಡು ಕೊಳ್ಳುವುದು ಎದುರಿನ ಅಂಗಡಿಯಲ್ಲಿ. ಕಿವಿಯಲ್ಲಿ ಪೆನ್ಸಿಲ್ಲು ಸಿಕ್ಕಿಸಿಕೊಂಡು ಬಸ್ಸಿಳಿದು ಬರುತ್ತಾನೆ. ರಸ್ತೆಯಾಚೆಯಿಂದ ನನ್ನನ್ನು ಕಂಡರೆ ಕೈ ಮುಗಿದು, "ಶರಣ್ರೀ ಸಾವ್ಕಾರ್ರ, ಚಾ ಆತೇನ್ರಿ?" ಎಂದು ಕೇಳುತ್ತ ಹೋಗುತ್ತಾನೆ. ಆತಪ್ಪಾ ಅನ್ನುತ್ತೇನೆ. ಅವನು ಒಂದು ದಿನವಾದರೂ ಮುಖ ತಿರುಗಿಸಿಕೊಂಡು ಹೋಗಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು. ಇವತ್ತಿನವರೆಗೂ ಅವನು ತಿರುಗಿಸಿಲ್ಲ.